ಕಂದಕ ಹಾರಿದ ಕೈ

ನನ್ನ ತಮ್ಮನಿಗೆ ನನ್ನ ಮೇಲೆ ನಂಬಿಕೆಯೇ ಇಲ್ಲ. ಎತ್ತಿ ಆಡಿಸಿದ ಅಕ್ಕನಿಗೇ ಫೋನಿನಲ್ಲಿ ಹೇಳುತ್ತಾನೆ:

"ಕಂಪ್ಯೂಟರ್ ಕುದುರೆ ಆಟದಲ್ಲಿ ಕೊನೇ ಹಂತದ ಕಂದಕ ನೀನು ಹಾರಿದ್ಯಾ? ಹೋಗೇ ಅಕ್ಕಾ! ವಿಡಿಯೋ ಕಳ್ಸು. ಕೈನೂ ಕಾಣ್ಬೇಕು, ಇಲ್ದಿದ್ರೆ ಭಾವ ಆಡಿದ್ದು ಅಂತೀನಿ."

ಇಂದು ಸಂಜೆ ಐದಕ್ಕೆ ಗಡುವು. ಹಾರಿದ್ದು ಸಾಬೀತಾದರೆ ಅವನು ವರ್ಷವಿಡೀ ನನ್ನನ್ನು 'ಗುರುಗಳೇ' ಎನ್ನಬೇಕು. ಇಲ್ಲದಿದ್ದರೆ ನಾನು ಅವನನ್ನು. (ಅವನ ಮೂಗು ಒರೆಸಿದ ಕೈ ಇದು. ಸಾಧ್ಯವೇ ಇಲ್ಲ!)

ಪಾಪು ಮಲಗಿದ ಹೊತ್ತಿನಲ್ಲಿ ಕೀಬೋರ್ಡಿನ ಮೇಲೆ ಕ್ಯಾಮೆರಾ ತೂಗುಹಾಕಿ, ಆಟ, ಕೈ ಎರಡನ್ನೂ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡುತ್ತಾ ಆಡಿದೆ. ಹಾರಿಯೂಬಿಟ್ಟೆ. ಆದರೆ ವಿಡಿಯೋದಲ್ಲಿ ನನ್ನ ಕುದುರೆ ಕಂದಕದ ಈಚೆ ಇದ್ದದ್ದು ಮರುಕ್ಷಣ ಆಚೆ! ನಡುವಿನ ನೆಗೆತವೇ ಮಾಯ.

"ಪ್ರೊಸೆಸರ್‌ನಲ್ಲಿ ಎಂಟು ಕೋರ್ ಇದೆ, ಎಂಟು ಜನ ಆಳು ಇದ್ದ ಹಾಗೆ," ಎಂದರು ನಮ್ಮವರು. "ಎಂಟನ್ನೂ ಆಟಾನೇ ನುಂಗಿದೆ. ರೆಕಾರ್ಡ್ ಮಾಡೋಕೆ ಯಾರಿದಾರೆ ಪಾಪ? ಆಟಕ್ಕೆ ಆರು ಸಾಕು ಅಂತ ಟಿಕ್ ಹಾಕು, ಎರಡು ರೆಕಾರ್ಡಿಂಗಿಗೆ ಬಿಡು."

ನಾನು ಬೆಕ್ಕಸಬೆರಗಾದೆ. ಉಗುರಗಲದ ಚೂರಿನೊಳಗೆ ಎಂಟು ಜನ! ಒಬ್ಬರೂ ಚಹಾ ಕೇಳುವುದಿಲ್ಲ, ಟವೆಲ್ ಎಲ್ಲಿ ಎಂದು ಕೂಗುವುದಿಲ್ಲ. ಟಿಕ್ ಹಾಕುವಾಗ ಮಹಾರಾಣಿ ಸೈನ್ಯ ಹಂಚಿದ ಹಾಗಿತ್ತು.

ನಾಲ್ಕೂವರೆಗೆ ಮತ್ತೆ ಕುದುರೆ ಏರಿದೆ. ಪರದೆಯ ಮೇಲೆ ಎಲ್ಲವೂ ಬೆಣ್ಣೆಯಂತೆ ಜಾರುತ್ತಿತ್ತು. ಕಂದಕ ಹತ್ತಿರವಾಗುವಾಗಲೇ ನಮ್ಮವರು ಪಾಪುವನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ನೀನೇ ಬೇಕಂತೆ."

"ಒಂದು ನಿಮಿಷ ಹಿಡ್ಕೊಳ್ಳೋಕಾಗಲ್ವಾ ನಿಮ್ಗೆ?"

"ನಂದು ಒಂದೇ ಕೋರ್ ಕಣೇ. ಹಾಲು ಉಕ್ತಾ ಇದೆ!" ಎಂದು ಓಡಿದರು.

ಪಾಪು ಜಾರಿತು, ನಾನು ಬಾಚಿ ಹಿಡಿದೆ. ತಲೆ ಎತ್ತಿದರೆ ಕುದುರೆ ಕಂದಕದ ಆಚೆ! ಅಭ್ಯಾಸಬಲ ಎಂದರೆ ಇದೇ, ಗೊತ್ತಾಗದಂತೆ ಒತ್ತಿದ್ದೇನೆ ಎಂದು ಹಿಗ್ಗಿಹೋದೆ. ಐದಕ್ಕೆ ಎರಡೇ ನಿಮಿಷವಿತ್ತು. ನೋಡದೆಯೇ ಕಳಿಸಿದೆ.

ತಮ್ಮ ನಗುತ್ತಲೇ ಫೋನ್ ಮಾಡಿದ. "ಅಕ್ಕಾ, ಎಂಥಾ ವಿಡಿಯೋನೇ! ಒಂದು ಕೂದಲೆಳೆ ತಪ್ಪಿಲ್ಲ. ಕೈನೂ ನೋಡ್ದೆ. ನೀನೂ ನೋಡು."

ನೋಡಿದೆ. ಕಂದಕದ ಅಂಚಿನಲ್ಲಿ ನನ್ನ ಎರಡೂ ಕೈ ಪಾಪುವಿನ ಹೊಟ್ಟೆಯ ಸುತ್ತ ಇವೆ. ಕುದುರೆ ನೆಗೆಸುವ ಸ್ಪೇಸ್ ಬಾರ್ ಮೇಲೆ, ಸರಿಯಾಗಿ ಆ ಕ್ಷಣಕ್ಕೆ, ಐದು ಪುಟ್ಟ ಬೆರಳುಗಳು ಹೂವಿನಂತೆ ಅರಳಿ ಬೀಳುತ್ತವೆ. ವಿಡಿಯೋ ಮೊದಲಿನ ಹಾಗೆ ತಡವರಿಸಿದ್ದರೆ ಆ ಕ್ಷಣ ಮಾಯವಾಗಿ ನನ್ನ ಮಾನ ಉಳಿಯುತ್ತಿತ್ತು. ನಾನೇ ನೇಮಿಸಿದ ಇಬ್ಬರು ಆಳುಗಳು ಬೆರಳಿನ ಕುಳಿಯನ್ನೂ ಬಿಡದೆ ದಾಖಲಿಸಿದ್ದಾರೆ!

ಆದರೂ ಆ ಅಂಗೈಯನ್ನು ಹನ್ನೊಂದು ಸಲ ನೋಡಿದೆ. ಹತ್ತು ತಿಂಗಳ ಹಿಂದೆ ಅದು ನನ್ನ ಕಿರುಬೆರಳನ್ನೂ ಪೂರ್ತಿ ಸುತ್ತುತ್ತಿರಲಿಲ್ಲ.

ತೀರ್ಪಾಯಿತು: ಅಕ್ಕ, ತಮ್ಮ ಇಬ್ಬರೂ ವರ್ಷವಿಡೀ ಪಾಪುವನ್ನೇ 'ಗುರುಗಳೇ' ಎನ್ನಬೇಕು. ಇಷ್ಟು ಬರೆಯುವಷ್ಟರಲ್ಲಿ ಗುರುಗಳು ಮಡಿಲು ಒದ್ದೆ ಮಾಡಿದ್ದಾರೆ. ಶಿಷ್ಯೆ ಏಳಲೇಬೇಕು.