ಒಬ್ಬ ಮನುಷ್ಯ ಬೇಕು, ಸಾಧ್ಯವಿದ್ದಲ್ಲಿ

ಬೆಂಗಳೂರಿನ ವಿಜಯನಗರದಿಂದ ಮಾರೇನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮ ಸಂಸ್ಥೆಯಿದೆ. ಮೂರು ಜನ, ನಾಲ್ಕು ಕುರ್ಚಿ. ಇಂಟರ್ನೆಟ್ಟಿನಿಂದ ಜನಸಾಮಾನ್ಯರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಲಾಭ ಮಾಡುವ ಹಾಗಿಲ್ಲ, ಮಾಡಿಯೂ ಇಲ್ಲ. ಯೂರೋಪಿನಲ್ಲಿ ಕೂತು ಇಡೀ ಜಗತ್ತಿನ ಇಂಟರ್ನೆಟ್ಟಿಗೆ ನೀತಿ ಬರೆಯುವ ಒಂದು ದೊಡ್ಡ ಮಂಡಳಿ ನಮ್ಮನ್ನು ಪಾಲುದಾರರನ್ನಾಗಿ ಸೇರಿಸಿಕೊಂಡಾಗ ಪಕ್ಕದ ಬೇಕರಿಯಿಂದ ಖಾರಾ ಬನ್ ತರಿಸಿ ಹಂಚಿದ್ದೆ. ಆ ಬನ್ನು ಅರಗುವ ಮೊದಲೇ ಶುರುವಾದ ತಲೆನೋವು ಇವತ್ತಿಗೂ ನಿಂತಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ.

ನಮ್ಮ ಕೆಲಸ ಏನು

ಕೆಳಗಿನ ಮನೆಯಲ್ಲಿ ಓನರ್ ಆಂಟಿ ಇದ್ದಾರೆ. ಒಂದು ದಿನ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದರು.

"ಮೇಲಿನವರು ಏನು ಕೆಲಸ ಮಾಡ್ತಾರೆ ಅಂತ ನಮ್ಮ ಬೀಗರು ಕೇಳಿದ್ರು ಕಣಮ್ಮ. ಏನಂತ ಹೇಳಲಿ?"

"ಇಂಟರ್ನೆಟ್ ಕೆಲಸ ಆಂಟಿ. ಜನರ ಪರವಾಗಿ ಫಾರಿನ್ ಮಂಡಳಿ ಹತ್ರ ಮಾತಾಡ್ತೀವಿ."

"ಹೌದಾ? ಹಾಗಾದ್ರೆ ನಮ್ಮ ಅಡುಗೆಮನೇಲಿ ವೈಫೈ ಬರಲ್ಲ, ಅವರಿಗೆ ಸ್ವಲ್ಪ ಹೇಳು."

ನೀತಿ, ಹಕ್ಕು, ಪ್ರಾತಿನಿಧ್ಯ ಎಂದು ಗಂಟಲು ಒಣಗುವ ತನಕ ವಿವರಿಸಿದೆ. ಎಲ್ಲಕ್ಕೂ ತಲೆಯಾಡಿಸಿದರು. ಸಂಜೆ ಅವರು ಬೀಗರಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಪಾಪ, ಇನ್ನೂ ಕೆಲಸ ಹುಡುಕ್ತಾ ಇದಾರಂತೆ."

ರೆಪ್ಪೆ

ಆಂಟಿಗೆ ತೀರಿಹೋದ ಯಜಮಾನರ ಪೆನ್ಷನ್ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ತೋರಿಸಬೇಕು. ಈ ಸಲ ಬ್ಯಾಂಕಿನವರು ಫೋನಿನ ಆ್ಯಪಿನಲ್ಲೇ ತೋರಿಸಿ ಎಂದರು. ನಾನು ಫೋನ್ ಹಿಡಿದೆ. 'ಕ್ಯಾಮೆರಾ ನೋಡಿ, ರೆಪ್ಪೆ ಬಡಿಯಿರಿ' ಎಂದಿತು. ಆಂಟಿ ಬಡಿದರು. 'ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು. ಕನ್ನಡಕ ತೆಗೆದು ಬಡಿದರು, ಹಾಕಿಕೊಂಡು ಬಡಿದರು, ಕಿಟಕಿಯ ಬೆಳಕಿಗೆ ಬಂದು ಬಡಿದರು. ಕೊನೆಗೆ ಕಣ್ಣಲ್ಲಿ ನೀರು ಬಂತೇ ಹೊರತು ಆ್ಯಪಿಗೆ ನಂಬಿಕೆ ಬರಲಿಲ್ಲ. ಪೆನ್ಷನ್ ನಿಂತುಹೋಯಿತು.

ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರು ಒಳ್ಳೆಯವರೇ. "ನೀವು ಬದುಕಿರೋದು ನನಗೆ ಕಾಣ್ತಾ ಇದೆ ಅಮ್ಮಾ, ಸಿಸ್ಟಮ್ಮಿಗೆ ಕಾಣ್ತಾ ಇಲ್ಲ. ನಾನೇನೂ ಮಾಡೋ ಹಾಗಿಲ್ಲ, ಸಹಾಯವಾಣಿಗೆ ಫೋನ್ ಮಾಡಿ" ಎಂದರು. ಮಾಡಿದರೆ ಅಲ್ಲೂ ಮನುಷ್ಯರಿಲ್ಲ, ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎನ್ನುವ ರೆಕಾರ್ಡು ದನಿ. ಆಂಟಿ ಫೋನ್ ನನ್ನ ಕೈಗೆ ಕೊಟ್ಟರು. "ಸತ್ತಿರೋರು ಯಾವುದು ಒತ್ತಬೇಕು ಅಂತ ಕೇಳೇ ಅವಳನ್ನ."

ನನಗೆ ಮೈಯೆಲ್ಲ ಉರಿದುಹೋಯಿತು. ಮಂಡಳಿಯವರು ಹೊಸ ನೀತಿಗೆ ಪಾಲುದಾರರಿಂದ ಸಲಹೆ ಕೇಳಿದ್ದರು. ಒಂದೇ ಒಂದು ವಾಕ್ಯ ಬರೆದು ಕಳಿಸಿದೆ: 'ಯಂತ್ರ ಕೈಕೊಟ್ಟಾಗ ಮಾತಾಡಲು ಒಬ್ಬ ಮನುಷ್ಯ ಇರಲೇಬೇಕು.'

ಆಂಟಿಗೆ ಓದಿ ಹೇಳಿದೆ. "ಅದು ಅಚ್ಚಾಗಿ ಬರಲಿ, ತಗೊಂಡು ಹೋಗಿ ಆ ಮ್ಯಾನೇಜರ್ ಮೇಜಿನ ಮೇಲೆ ಹಾಕ್ತೀನಿ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲಾ, ಇಷ್ಟು ಹೇಳೋಕೆ ನೀನು ಅಷ್ಟೊಂದು ಓದಬೇಕಿತ್ತಾ?" ಎಂದರು.

ಎರಡು ನಿಮಿಷ

ಆ ವಾಕ್ಯದ ಪರವಾಗಿ ವಾದಿಸಲು ಮಂಡಳಿಯ ಆನ್‌ಲೈನ್ ಸಭೆಯಲ್ಲಿ ನನಗೆ ಎರಡು ನಿಮಿಷ ಸಿಕ್ಕಿತು. ನಾನು ಬಾಯಿ ತೆಗೆಯುವುದಕ್ಕೂ ತರಕಾರಿ ಗಾಡಿಯವನು ನಮ್ಮ ಕಿಟಕಿಯ ಕೆಳಗೇ ಮೈಕು ಹಾಕಿಕೊಂಡು ನಿಲ್ಲುವುದಕ್ಕೂ ಸರಿಹೋಯಿತು. ನಾನೂ ಬಿಡಲಿಲ್ಲ, ಅವನೂ ಬಿಡಲಿಲ್ಲ.

ಸಭೆಯ ಮಾತನ್ನೆಲ್ಲ ಅನುವಾದಿಸಿ ವರದಿ ಬರೆಯುವುದೂ ಅಲ್ಲಿ ಯಂತ್ರವೇ. ಮಾರನೆಯ ದಿನ ವರದಿ ಬಂತು: 'ಈರುಳ್ಳಿ, ಟೊಮ್ಯಾಟೊ ಮತ್ತು ನಾಟಿ ಕೊತ್ತಂಬರಿ ಮನೆ ಬಾಗಿಲಲ್ಲೇ ದೊರೆಯಬೇಕೆಂದು ಭಾರತದ ಪಾಲುದಾರರು ಒತ್ತಿ ಹೇಳಿದರು. ಮಂಡಳಿ ಇದನ್ನು ಸ್ವಾಗತಿಸಿತು.'

ತಿದ್ದಿ ಎಂದು ಪತ್ರದ ಮೇಲೆ ಪತ್ರ ಬರೆದೆ. 'ನಿಮ್ಮ ಪತ್ರ ತಲುಪಿದೆ' ಎಂದು ಇನ್ನೊಂದು ಯಂತ್ರ ಉತ್ತರ ಕೊಟ್ಟಿತು. ಆಂಟಿಯೇ ಸಮಾಧಾನ ಹೇಳಬೇಕಾಯಿತು. "ಹೋಗ್ಲಿ ಬಿಡೇ, ಕೊತ್ತಂಬರಿ ವಿಷ್ಯ ಆದ್ರೂ ಅವರಿಗೆ ಅರ್ಥ ಆಯ್ತಲ್ಲ."

ಫೋಟೊ

ಆಮೇಲೆ ಮಂಡಳಿಯವರು 'ತೊಂದರೆಗೊಳಗಾದ ಒಬ್ಬ ಮಹಿಳೆಯ ಫೋಟೊ ಕಳಿಸಿ' ಎಂದು ಬರೆದರು. ಆಂಟಿಯನ್ನು ಕೇಳಿದೆ. ಫಾರಿನ್ನಿಗೆ ಹೋಗುವ ಫೋಟೊ ಎಂದು ಮೈಸೂರು ಸಿಲ್ಕ್ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಷೋಕೇಸಿನ ಮುಂದೆ ಕೂತರು. ಕಳಿಸಿದೆ. ತಿರುಗಿ ಬಂತು. 'ಇವರು ತೊಂದರೆಯಲ್ಲಿರುವಂತೆ ಕಾಣುತ್ತಿಲ್ಲ.'

ಹೇಳಲೋ ಬೇಡವೋ ಎನ್ನುತ್ತಲೇ ಹೇಳಿದೆ. ಆಂಟಿ ಕೆಂಡಾಮಂಡಲವಾದರು.

"ಅಲ್ಲಿ ನೋಡಿದ್ರೆ ಬದುಕಿರೋ ಹಾಗೆ ಕಾಣಲ್ಲ ಅಂತಾರೆ, ಇಲ್ಲಿ ನೋಡಿದ್ರೆ ಕಷ್ಟದಲ್ಲಿರೋ ಹಾಗೆ ಕಾಣಲ್ಲ ಅಂತಾರೆ. ಇವರಿಗೆಲ್ಲ ಮೊದಲು ಕಣ್ಣು ತೋರಿಸಿಕೊಂಡು ಬರೋಕೆ ಹೇಳು!"

ಬಾಗಿಲು

ಕೊನೆಗೆ ನನ್ನ ವಾಕ್ಯ ಹೊಸ ನೀತಿಯ ಕರಡಿನಲ್ಲಿ ಬಂತು. ಯಾವ ಯಾವ ದೇಶದವರು ಕೈಯಾಡಿಸಿದ್ದರೋ, ಹೆತ್ತ ನನಗೇ ಗುರುತು ಸಿಗಲಿಲ್ಲ: 'ಯಂತ್ರ ಕೈಕೊಟ್ಟಾಗ, ಸಾಧ್ಯವಿದ್ದಲ್ಲಿ, ಸಂಪನ್ಮೂಲಗಳು ಅನುಮತಿಸಿದಲ್ಲಿ, ಮನುಷ್ಯ ಅಥವಾ ಮನುಷ್ಯನಂಥ ವ್ಯವಸ್ಥೆಯೊಂದನ್ನು ಒದಗಿಸುವ ಕುರಿತು ಪರಿಶೀಲಿಸಬಹುದು.'

ಆಂಟಿ ಎರಡು ಸಲ ಓದಿಸಿಕೊಂಡರು. "ಇದನ್ನ ಮ್ಯಾನೇಜರ್ ಮೇಜಿನ ಮೇಲೆ ಹಾಕಿದ್ರೆ ಅವನು ಬೋಂಡ ಕಟ್ಟಿಕೊಂಡು ಹೋಗ್ತಾನೆ ಅಷ್ಟೇ" ಎಂದರು. ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಮಂಡಳಿಯ ಒಬ್ಬ ಅಧಿಕಾರಿಯೇ ಪಾಲುದಾರರನ್ನು ಭೇಟಿಯಾಗಲು ಬೆಂಗಳೂರಿಗೆ ಬಂದರು. ಕರಡಿಗೆ ಕೊನೆಯ ರೂಪ ಕೊಡುವವರು ಅವರೇ. ಆಂಟಿ ಉಪ್ಪಿಟ್ಟು, ಕೇಸರಿಭಾತು ಮಾಡಿಕೊಂಡು ಮೇಲೆ ಬಂದು ತಾವೇ ಬಡಿಸಿದರು. ಸಾಹೇಬರು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ನಾನು ವಾಕ್ಯದ ಮಾತೆತ್ತಿದರೆ ಮಾತ್ರ, "ಸಮತೋಲನದ ವಾಕ್ಯ ಅದು, ಇನ್ನು ಮುಟ್ಟುವ ಹಾಗಿಲ್ಲ" ಎಂದು ಮುಗುಳ್ನಕ್ಕರು.

ಇಲ್ಲೊಂದು ವಿಷಯ ಹೇಳಬೇಕು. ಮೆಟ್ಟಿಲ ಕೆಳಗಿನ ಗ್ರಿಲ್ ಬಾಗಿಲಿಗೆ ಆಂಟಿಯ ಅಳಿಯ ಮುಖ ನೋಡಿ ತೆಗೆಯುವ ಬೀಗ ಹಾಕಿಸಿದ್ದಾನೆ. ಒಳಗಿನಿಂದ ಸುಮ್ಮನೆ ತೆಗೆಯಬಹುದು, ಹೊರಗಿನಿಂದ ಅದಕ್ಕೆ ಅಳಿಯನ ಮುಖ ಬಿಟ್ಟು ಬೇರೆ ಯಾರ ಮುಖವೂ ಹಿಡಿಸುವುದಿಲ್ಲ. ನಾವೆಲ್ಲ ಆಂಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಹಳೇ ಬೀಗದ ಕೈಯನ್ನೇ ನಂಬಿಕೊಂಡಿದ್ದೇವೆ.

ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಬಂತು. ಸಾಹೇಬರು ಡ್ರೈವರಿಗೆ ನಿಲ್ಲಲು ಹೇಳಿ ಬರುತ್ತೇನೆಂದು ಕೆಳಗೆ ಹೋದರು. ಹಿಂದೆಯೇ ಬಾಗಿಲು ಹಾಕಿಕೊಂಡಿತು. ಪಾಸ್‌ಪೋರ್ಟು, ಫೋನು, ಬ್ಯಾಗು ಎಲ್ಲ ಮೇಲೆ. ನಾನೂ ಆಂಟಿಯೂ ಬಾಲ್ಕನಿಗೆ ಬಂದು ಬಗ್ಗಿದೆವು.

'ಕ್ಯಾಮೆರಾ ನೋಡಿ, ರೆಪ್ಪೆ ಬಡಿಯಿರಿ' ಎಂದು ಬೀಗ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಸಾಹೇಬರು ಬಡಿದರು. ಕನ್ನಡಕ ತೆಗೆದು ಬಡಿದರು, ಹಾಕಿಕೊಂಡು ಬಡಿದರು. 'ಮತ್ತೊಮ್ಮೆ ಪ್ರಯತ್ನಿಸಿ' ಎಂದಿತು. ಹಿಂದೆ ಟ್ಯಾಕ್ಸಿಯವನು ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ. ಸಾಹೇಬರು ಬೆವರೊರೆಸಿಕೊಂಡು ಮೇಲೆ ನೋಡಿ ಕೂಗಿದರು, "ದಯವಿಟ್ಟು ಯಾರಾದರೂ ಮನುಷ್ಯರು ಬನ್ನಿ!"

ಬೀಗದ ಕೈಗೆ ನಾನು ಕೈ ಚಾಚಿದೆ. ಆಂಟಿ ಕೊಡಲಿಲ್ಲ. ಸೊಂಟದಿಂದ ತೆಗೆದು ಸಾಹೇಬರಿಗೆ ಕಾಣುವ ಹಾಗೆ ಹಿಡಿದುಕೊಂಡರು.

"ಸಾಧ್ಯವಿದ್ದಲ್ಲಿ, ಸಂಪನ್ಮೂಲ ಅನುಮತಿಸಿದಲ್ಲಿ, ಬಾಗಿಲು ತೆಗೆಯೋ ಕುರಿತು ಪರಿಶೀಲಿಸ್ತಾ ಇದೀವಿ ಅಂತ ಹೇಳೇ ಅವರಿಗೆ."

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಒಮ್ಮೆ ಬೀಗ ನೋಡಿದರು, ಒಮ್ಮೆ ಟ್ಯಾಕ್ಸಿ ನೋಡಿದರು. ಆಮೇಲೆ ಇಡೀ ರಸ್ತೆಗೆ ಕೇಳುವ ಹಾಗೆ ಅರಚಿದರು, "ಇರಲೇಬೇಕು! ಮನುಷ್ಯ ಇರಲೇಬೇಕು! ಇವತ್ತೇ ತಿದ್ದುತ್ತೇನೆ!"

ಆಂಟಿ ಬೀಗದ ಕೈ ನನ್ನ ಅಂಗೈಗೆ ಹಾಕಿದರು.

"ಹೋಗಿ ತೆಗಿ, ಪಾಪ. ಹಾಗೇ ಆ ಬ್ಯಾಂಕ್ ಮ್ಯಾನೇಜರನ್ನೂ ಒಂದಿನ ಉಪ್ಪಿಟ್ಟಿಗೆ ಕರಿ."