ಬೀಳಬಾರದ ಚೆಂಡು

ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಆ ಬೆಳಿಗ್ಗೆ ಒಂದೇ ಒಂದು ಕಾಯಿಯೂ ನೆಲಕ್ಕೆ ಬೀಳಲಿಲ್ಲ. ಕೆಂಪರಾಜುವಿನ ಫಜೀತಿ ಶುರುವಾದದ್ದೇ ಅದರಿಂದ.

ಒಂದು ಕಾಲಕ್ಕೆ ರಾಜ್ಯ ತಂಡಕ್ಕೆ ಹ್ಯಾಂಡ್‌ಬಾಲ್ ಆಡಿದವನು. ಅವನೆಸೆದ ಚೆಂಡು ಹಿಡಿಯಹೋದ ಗೋಲ್‌ಕೀಪರುಗಳು ಬೆರಳೂದಿಸಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಈಗ ತಾಲ್ಲೂಕು ತಂಡದ ತಾತ್ಕಾಲಿಕ ಕೋಚು. ಇವತ್ತು ಮಳವಳ್ಳಿಯಲ್ಲಿ ಗೆದ್ದರೆ ಕೆಲಸ ಉಳಿಯುತ್ತದೆ, ಸೋತರೆ ಇಲ್ಲ. ಅವನ ಏಳು ಆಟಗಾರರೋ, ಕೊಪ್ಪದ ಬೀಗರೂಟಕ್ಕೆ ಕೂತು ಫೋನ್ ಆಫ್ ಮಾಡಿದ್ದರು.

ತಲೆ ಕೆಟ್ಟು ಎಳನೀರು ಕುಡಿಯಲು ನಿಂತವನು ಕುಡಿಯುವುದನ್ನೇ ಮರೆತ. ಎದುರಿಗೆ ಏಳು ಜನ ಸಾಲಾಗಿ ನಿಂತು ಲಾರಿಗೆ ಕಾಯಿ ದಾಟಿಸುತ್ತಿದ್ದರು. ಕಾಯಿ ಸಾಕಿದ ಗಿಣಿಯ ಹಾಗೆ ಕೈಯಿಂದ ಕೈಗೆ ಹಾರಿ ಕೂರುತ್ತಿತ್ತು.

"ಚಿಕ್ಕಣ್ಣ, ಹ್ಯಾಂಡ್‌ಬಾಲ್ ಆಡ್ತೀರಾ?"

ಗುಂಪಿನ ಮೇಸ್ತ್ರಿ ಚಿಕ್ಕಣ್ಣ ಬಾಯಿಂದ ಬೀಡಿ ತೆಗೆದ. "ಅದೇನ್ ಸಾ ಅದು?"

"ಚೆಂಡು ಹಿಡಿಯೋದು, ಎಸೆಯೋದು."

"ಬಿದ್ರೆ ಒಡೀತದಾ?"

"ಒಡೆಯಲ್ಲ."

"ಅಂಗಾರೆ ಸುಲ್ಬ ಬುಡಿ. ಆದ್ರೆ ಸಂಜೆ ಲಾರಿ ಅದೆ. ತುಂಬೋಕೆ ಏಳು ಜನ ಇರ್ಲೇಬೇಕು."

"ನಾನು ಜವಾಬ್ದಾರಿ," ಎಂದ ಕೆಂಪರಾಜು.

ಮಳವಳ್ಳಿ ಮೈದಾನದಲ್ಲಿ ಚೆಂಡು ಕೈಯಿಂದ ಕೈಗೆ ಹಾಲು ಹರಿದಂತೆ ಹೋಯಿತು. ಜನ ಬಾಯಿ ತೆರೆದು ನೋಡಿದರು. ಗೋಲಿನ ಮುಂದೆ ಬಂದ ಚಿಕ್ಕಣ್ಣ ಕೈಯೆತ್ತಿದ, ಗುರಿ ನೋಡಿದ, ಎಸೆದ. ಮೆತ್ತಗೆ, ನೇರವಾಗಿ, ಎದುರು ತಂಡದ ಗೋಲ್‌ಕೀಪರನ ಎದೆಗೆ! ಎರಡನೆಯವನೂ ಹಾಗೇ. ಮೂರನೆಯವನೂ ಹಾಗೇ.

"ಅವನ ಕೈಗ್ಯಾಕ್ರಯ್ಯಾ ಕೊಡ್ತೀರಿ?" ಕೆಂಪರಾಜು ಅರಚಿದ.

"ಇನ್ಯಾರ್ ಇಡೀತಾರೆ ಸಾ? ಅಲ್ಲಿ ಅವ್ನೊಬ್ನೇ ಅವ್ನೆ!"

"ಅವನು ಹಿಡೀಬಾರ್ದು! ಸಿಗದ ಹಾಗೆ ಎಸಿ!"

ಕೇಳಬಾರದ ಮಾತು ಕೇಳಿದವನಂತೆ ಚಿಕ್ಕಣ್ಣ ಕೆನ್ನೆ ಮುಟ್ಟಿಕೊಂಡ. "ಇಪ್ಪತ್ ವರ್ಸದಲ್ಲಿ ಅಂಥ ಕೆಲ್ಸ ಮಾಡಿಲ್ಲ ಕಣ್ ಸಾ."

ಇತ್ತ ಚಿಕ್ಕಣ್ಣನ ಕಡೆಯ ಗೋಲ್‌ಕೀಪರ್, ತನ್ನ ಕೈಗೆಂದು ಎಸೆಯದ ಚೆಂಡನ್ನು ಮುಟ್ಟುವುದು ಮರ್ಯಾದೆಯಲ್ಲವೆಂದು ಪ್ರತಿ ಸಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹದಿನೆಂಟು, ಸೊನ್ನೆ.

ಕ್ರೀಡಾಧಿಕಾರಿ ಮಹದೇವಯ್ಯ ನೇರವಾಗಿ ಇವರತ್ತ ಬಂದರು. ಕೆಂಪರಾಜು ಕಣ್ಣು ಮುಚ್ಚಿಕೊಂಡ.

"ಸೋಲು ಹಾಳಾಗ್ಲಿ ಕಣ್ರೀ! ಒಂದು ಗಂಟೆ ಆಟದಲ್ಲಿ ಒಂದ್ಸಲಾನೂ ಚೆಂಡು ಕೈ ತಪ್ಪಲಿಲ್ಲ. ಇದನ್ನ ಕಲಿಸಿದೋರೇ ಇನ್ಮೇಲೆ ಕೋಚು!"

ಕೆಂಪರಾಜುವಿನ ಮುಖ ಸೂರ್ಯಕಾಂತಿಯಾಯಿತು.

"ಯಾರಪ್ಪಾ ಕಲಿಸಿದ್ದು?" ಎಂದು ಅವರು ಆಟಗಾರರನ್ನು ಕೇಳಿದರು.

ಆರು ಕೈಗಳು ಒಟ್ಟಿಗೆ ಚಿಕ್ಕಣ್ಣನತ್ತ ತಿರುಗಿದವು. ಕೆಂಪರಾಜುವಿನ ಕೊರಳ ಸೀಟಿ ಅಲ್ಲೇ ಚಿಕ್ಕಣ್ಣನ ಕೊರಳಿಗೆ ಹೋಯಿತು.

ಸಂಜೆ ಮದ್ದೂರಿನಲ್ಲಿ ಲಾರಿ ಕಾಯುತ್ತಿತ್ತು. ಚಿಕ್ಕಣ್ಣ ಕೋಚಾದ ಮೇಲೆ ಸಾಲಿನಲ್ಲಿ ಒಬ್ಬ ಕಡಿಮೆ. ಕೊಟ್ಟ ಮಾತಿಗೆ ಕೆಂಪರಾಜು ಅಂಗಿಯ ತೋಳು ಮಡಚಿ ಸಾಲಿನಲ್ಲಿ ನಿಂತ. ಮೊದಲ ಕಾಯಿ ಕೈಗೆ ಬಂದದ್ದೇ ತಡ, ಹಳೆಯ ಭುಜ ತಾನಾಗಿ ತಿರುಗಿತು. ಎದುರಿನವನು 'ಅಯ್ಯಪ್ಪಾ' ಎಂದು ಕುಕ್ಕರಿಸಿದ. ಕಾಯಿ ಲಾರಿಯ ಹಲಗೆಗೆ ಬಡಿದು ಸೀಳಿ ಎಲ್ಲರ ಮೇಲೂ ಎಳನೀರಿನ ಮಳೆ.

ಪೀ... ಎಂದು ಸೀಟಿ ಕೇಳಿತು. ಚಿಕ್ಕಣ್ಣ ಓಡಿ ಬಂದ.

"ಸಾ, ಅಲ್ಲಿರೋನು ನಮ್ಮೋನು ಕಣ್ ಸಾ! ಬನ್ನಿ, ಮೊದ್ಲಿಂದ ಯೋಳ್ಕೊಡ್ತೀನಿ."