ಅತ್ತಿಗೆಯ ಒಂದೇ ಸಿನಿಮಾ

ಹಿತ್ತಲಲ್ಲಿ ಕಂಬಳಿ ಹಿಂಡುತ್ತಿದ್ದೆ. ಪಕ್ಕದ ಮನೆಯವಳು ಏದುಸಿರು ಬಿಡುತ್ತಾ ಓಡಿಬಂದಳು. “ಅಕ್ಕೋ, ಫ್ಯಾಕ್ಟರೀಲಿ ನಿಮ್ಮತ್ತಿಗೆ ಮ್ಯಾನೇಜರ್ ಕುರ್ಚಿನೇ ಎತ್ಕೊಂಡ್ ಬಂದು ಕೂತವ್ರೆ! ಏಳಲ್ಲ ಅಂತವ್ರೆ! ಕೆಲಸ ಹೋಯ್ತದೆ ನೋಡು!”

ಶಿವನೇ! ಇದು ಆ ಸಿನಿಮಾದ ಕೆಲಸ!

ಊಟಿ ಹತ್ತಿರದ ನಮ್ಮೂರು ಇತ್ತಲಾರಿನಲ್ಲಿ ನಮ್ಮ ಅತ್ತಿಗೆಯಷ್ಟು ಸಲ ಸಿನಿಮಾ ನೋಡಿದವರಿಲ್ಲ. ನೋಡಿರುವುದು ಮಾತ್ರ ಒಂದೇ! ಅವರು ನಮ್ಮ ಯಜಮಾನರ ಅಕ್ಕ, ನಮ್ಮ ಜೊತೆಗೇ ಇರುವವರು. ಟೀ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತುಕೊಂಡು ಪುಡಿಯಿಂದ ಕಡ್ಡಿ ಆರಿಸುವ ಕೆಲಸ. ಭಾನುವಾರ ಊಟವಾದ ಮೇಲೆ ಅದೇ ಸಿ.ಡಿ. ಒಂದು ಆಫೀಸು, ನಾಲ್ಕು ಜನ ಹೆಂಗಸರು, ಒಬ್ಬ ಸಿಡುಕ ಮ್ಯಾನೇಜರ್. ಕೊನೆಗೆ ಹೆಂಗಸರು ಅವನ ಕುರ್ಚಿಯನ್ನೇ ಹೊತ್ತು ತಂದು ಕೂರುತ್ತಾರೆ. ಅವನಿಗೆ ಬುದ್ಧಿ ಬರುತ್ತದೆ, ನಮಗೆ ಕಣ್ಣೀರು ಬರುತ್ತದೆ.

ಅತ್ತಿಗೆ ಬಾಯಿ ಮುಚ್ಚಿಕೊಂಡು ನೋಡುವವರೇ? “ಏ ಹುಡುಗಿ, ಫೈಲು ಬೀರು ಹಿಂದೆ ಬಿದ್ದದೆ!” ಎಂದು ಟಿ.ವಿ.ಗೆ ಕೂಗುತ್ತಾರೆ. ಆ ಹುಡುಗಿ ಹುಡುಕಿದ ಕಡೆಯೇ ಹುಡುಕುತ್ತಾಳೆ. “ಹೋದ ವಾರಾನೂ ಹೇಳ್ದೆ. ಕೇಳಿದ್ರೆ ತಾನೆ!”

ಅವರನ್ನು ಅಂದು ಏನು ಫಲ? ಆ ಸಿ.ಡಿ. ತಂದವಳು ನಾನೇ! ಊಟಿ ಮಾರ್ಕೆಟ್ಟಿನಲ್ಲಿ ಕವರಿನ ಮೇಲೆ ಶಿವಪಾರ್ವತಿಯರನ್ನು ಕಂಡು ಭಕ್ತಿಚಿತ್ರವೆಂದೇ ತಂದೆ. ಟಿ.ವಿ.ಗೆ ಊದುಬತ್ತಿ ಬೆಳಗಿ, ಕೈಮುಗಿದು ಕೂತೆ. ಕೈಲಾಸ ಬರಲಿಲ್ಲ, ಟೈಪ್‌ರೈಟರ್ ಬಂತು! ಆದರೂ ಊದುಬತ್ತಿ ಉರಿದು ಮುಗಿಯುವ ತನಕ ಮುಗಿದ ಕೈ ಇಳಿಸಲಿಲ್ಲ. ದೇವರ ಕವರಿನಲ್ಲಿ ಬಂದದ್ದನ್ನು ಹಿಂದಿರುಗಿಸುವುದು ಪಾಪವೆಂದು ಇಟ್ಟುಕೊಂಡೆ. ಈಗ ಭಾನುವಾರ ದೇವರ ಮುಂದೆ ನಿಂತು ಜಪಕ್ಕೆ ಕಣ್ಣು ಮುಚ್ಚಿದರೆ ಪಂಚಾಕ್ಷರಿಯ ನಡುವೆ ಆ ಟೈಪಿಸ್ಟ್ ಹುಡುಗಿಯ ಡೈಲಾಗ್ ನುಗ್ಗುತ್ತದೆ. ನನ್ನ ಭಕ್ತಿಯ ಯೋಗ್ಯತೆ ಇಷ್ಟು!

ಸಂಜೆ ಅತ್ತಿಗೆ ಬಂದರು. ಸದ್ದಿಲ್ಲದೆ ಕಾಲು ತೊಳೆದರು.

“ಕೆಲಸ ಹೋಯ್ತಾ, ಅತ್ತಿಗೆ?”

“ಯಾಕೆ ಹೋದಾತು? ಆ ಮ್ಯಾನೇಜರ್ ನನ್ನ ಮೇಲೆ ಚಾಡಿ ಹೇಳಕ್ಕೆ ಓನರ್‌ಗೆ ಫೋನ್ ಮಾಡ್ದ. ಕುರ್ಚಿ ನನ್ ಹತ್ರ ಅದೆಯಲ್ಲ, ಒಂದು ಗಂಟೆ ನಿಂತ್ಕೊಂಡೇ ಮಾತಾಡ್ದ. ಸೊಂಟ ಹಿಡ್ಕೊಂಡ್ ಬಂದು, ‘ನಾಳೆಯಿಂದ ನಿಮಗೆಲ್ಲ ಬೆಂಚು ಹಾಕಿಸ್ತೀನಿ, ಕುರ್ಚಿ ಕೊಡಮ್ಮ’ ಅಂದ.”

ಹೋದ ಜೀವ ಬಂತು. ಜೊತೆಗೆ ಸಿಟ್ಟೂ ಬಂತು. “ಆ ದರಿದ್ರ ಸಿನಿಮಾನ ಮುರ್ದು ಒಲೆಗೆ ಹಾಕ್ತೀನಿ!”

“ಹಾಕು. ನನಗೆ ಎಂಟನೇ ಸಲಕ್ಕೇ ಸಾಕಾಗಿತ್ತು.”

“ಮತ್ತೆ ವಾರವಾರ ಯಾಕೆ ಹಾಕ್ತೀರಿ?”

ಅತ್ತಿಗೆ ಒದ್ದೆ ಕಾಲನ್ನು ಸೆರಗಿನಿಂದ ಒರೆಸಿಕೊಂಡರು. “ನೀನು ಕೂತ್ಕೊಳ್ಳೋದು ಅದೊಂದು ಹಾಕಿದಾಗ್ಲೇ ಅಲ್ವೇನೆ, ಹೆಣ್ಣೇ? ನನಗೆ ಭಾನುವಾರನಾದ್ರೂ ರಜೆ. ನಿನಗೆ?”

ಗ್ಯಾಸ್ ಬಂತು, ಹಾಲು ಒಡೆಯಲಿಲ್ಲ ಎಂದು ದೇವರ ಸಣ್ಣಪುಟ್ಟ ದಯೆಗಳನ್ನೆಲ್ಲ ದಿನವೂ ಲೆಕ್ಕವಿಟ್ಟು ನೆನೆಯುವವಳು ನಾನು. ವಾರವಾರವೂ ಮನೆಯೊಳಗೇ ಸಿಗುತ್ತಿದ್ದ ಇದೊಂದನ್ನು ಎಣಿಸಿಯೇ ಇರಲಿಲ್ಲ!

ನೆನೆಸಿಟ್ಟ ಅವರೆಕಾಳು ಹಿದುಕುವುದಿತ್ತು. ಯಾವಾಗಲೂ ಒಲೆ ಮುಂದೆ ನಿಂತೇ ಹಿದುಕುವವಳು ಅಂದು ಕೂತುಕೊಂಡೇ ಹಿದುಕಿದೆ.